ಹೊಸ ಹುಣಸೆಹಣ್ಣು ಬರುವುದರೊಳಗೆ

ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಶುಚಿ ಕಾರ್ಯಕ್ಕೆ ಯುಗಾದಿ ಬರೀ ನೆಪ. ನಿಜವಾದ ಕಾರಣ ಹುಣಸೆಹಣ್ಣು. ಶಿವರಾತ್ರಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಅತ್ತೆಯ ತವರಾದ ಸಿರಾ ಕಡೆಯಿಂದ ವರ್ಷಕ್ಕಾಗುವಷ್ಟು ಹೊಸ ಹಣ್ಣು ಬಂದಿಳಿಯುತ್ತದೆ. ಅದರ ಬೆನ್ನಿಗೇ ಬ್ಯಾಡಗಿ ಮೆಣಸಿನಕಾಯಿ, ಧನಿಯಾ, ಅಚ್ಚುಬೆಲ್ಲ, ಮಹಡಿಯ ಬಿಸಿಲಿನಲ್ಲಿ ಒಣಗಿದ ಸಂಡಿಗೆ. ಇವಕ್ಕೆಲ್ಲ ಜಾಗ ಬೇಕು. ಜಾಗವಿರಬೇಕಾದ ಉಗ್ರಾಣದಲ್ಲಿ ಮಾತ್ರ ಕೆಟ್ಟ ಮಿಕ್ಸಿ, ಮದುವೆ ಆಮಂತ್ರಣ ಪತ್ರಿಕೆಗಳ ಕಟ್ಟು, ಮುಚ್ಚಳ ಕಳೆದುಕೊಂಡ ಡಬ್ಬಿಗಳು ವರ್ಷವಿಡೀ ಠಿಕಾಣಿ ಹೂಡಿರುತ್ತವೆ. ಮನೆ ಖಾಲಿಯಾಗಿ ಕಾಣಬೇಕೆಂಬ ಆಸೆ ನಮ್ಮಲ್ಲಿ ಯಾರಿಗೂ ಇಲ್ಲ. ಮತ್ತೆ ತುಂಬಿಕೊಳ್ಳುವುದಕ್ಕಾಗಿ ಖಾಲಿ ಮಾಡುವವರು ನಾವು.

2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂದಿತ್ತು. ಮಗಳ ದ್ವಿತೀಯ ಪಿಯು ಪರೀಕ್ಷೆ ಮುಗಿದದ್ದು 20ಕ್ಕೆ. ಪರೀಕ್ಷೆ ಮುಗಿಯುವವರೆಗೆ ಮನೆಯಲ್ಲಿ ಕುರ್ಚಿ ಎಳೆದ ಸದ್ದೂ ಆಗಕೂಡದೆಂಬ ಕಟ್ಟಪ್ಪಣೆಯಿತ್ತು. ಮುಗಿದ ಮರುದಿನ ಶುಕ್ರವಾರ. ಮಂಗಳವಾರ, ಶುಕ್ರವಾರ ಮನೆಯಿಂದ ಏನನ್ನೂ ಹೊರಗೆ ಹಾಕಬಾರದೆಂಬುದು ಅತ್ತೆಯ ನಿಯಮ. ಹಬ್ಬದ ಹಿಂದಿನ ದಿನ ಶನಿವಾರ, ಮೇಲಾಗಿ ಅಮಾವಾಸ್ಯೆ. ಅಂದು ಕಬ್ಬಿಣ ಮುಟ್ಟಬೇಡಿ, ಎಣ್ಣೆ ತರಬೇಡಿ ಎನ್ನುತ್ತಾರೆ. ಹೀಗೆ ಕಳೆಯಬೇಕಾದ ದಿನಗಳನ್ನೆಲ್ಲ ಕಳೆದರೆ ನಮಗೆ ಉಳಿದದ್ದು ಅಲ್ಪಸ್ವಲ್ಪ. ನಾನು ಒಬ್ಬ ಆಡಿಟರ್ ಕಚೇರಿಯಲ್ಲಿ ಕೆಲಸ ಮಾಡುವವಳು. ಮಾರ್ಚ್ ತಿಂಗಳು ನಮ್ಮ ಕಚೇರಿಯಲ್ಲಿ ಹೇಗಿರುತ್ತದೆಂದು ಬಲ್ಲವರೇ ಬಲ್ಲರು.

ಮನೆ ಚೊಕ್ಕ ಮಾಡುವ ಬಗ್ಗೆ ಈಗ ಎಲ್ಲೆಲ್ಲೂ ಸಲಹೆ ಸಿಗುತ್ತದೆ. ವರ್ಷವಿಡೀ ಮುಟ್ಟದ ವಸ್ತುವನ್ನು ಕೊಟ್ಟುಬಿಡಿ, ಕೈಗೆತ್ತಿಕೊಂಡು ಇದು ನನಗೆ ಬೇಕೇ ಎಂದು ಕೇಳಿಕೊಳ್ಳಿ, ಹೀಗೆ. ಒಬ್ಬರೇ ಇರುವ ಮನೆಗೆ ಅದು ಸರಿ ಹೋಗಬಹುದು. ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯನ್ನು ಮಾವ ಕೊಂಡದ್ದು 1972ರಲ್ಲಿ. ಇಲ್ಲಿ ಹುಟ್ಟಿದವರು, ಇಲ್ಲಿಂದ ಮದುವೆಯಾಗಿ ಹೋದವರು, ವಿದೇಶಕ್ಕೆ ಹಾರಿದವರು, ತೀರಿಕೊಂಡವರು ಎಲ್ಲರ ಸಾಮಾನೂ ಇಲ್ಲಿಯೇ ಇದೆ. ನನ್ನದೆಂದು ಹೇಳಬಹುದಾದದ್ದು ಅದರಲ್ಲಿ ಕಾಲು ಭಾಗವೂ ಇಲ್ಲ. ನನ್ನದಲ್ಲದ್ದನ್ನು ನನಗೆ ಬೇಕೇ ಎಂದು ಕೇಳಿಕೊಂಡು ಏನು ಪ್ರಯೋಜನ? ಅದಕ್ಕೇ ಈ ಸಲ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಯಾರದು ಎಂಬುದನ್ನು ಮೊದಲು ಕೇಳುವುದೆಂದು ಹೊರಟೆವು. ಉಗ್ರಾಣ, ಸಜ್ಜ, ಮಂಚದ ಕೆಳಗಿನದು ಎಲ್ಲವನ್ನೂ ಹಜಾರಕ್ಕೆ ತಂದು ಹಳೆಯ ಜಮಖಾನದ ಮೇಲೆ ರಾಶಿ ಹಾಕಿದೆವು. ಇಲ್ಲಿರುವವರದು, ದೂರ ಹೋದವರದು, ಮಾವನದು, ಯಾರದೂ ಅಲ್ಲದ್ದು ಎಂದು ವಿಂಗಡಣೆ.

ಯಾರದೂ ಅಲ್ಲದ ರಾಶಿಯೇ ಎಲ್ಲಕ್ಕಿಂತ ಎತ್ತರಕ್ಕೆ ಬೆಳೆಯಿತು. ಸಿಹಿ ಅಂಗಡಿಯ ಪ್ಲಾಸ್ಟಿಕ್ ಡಬ್ಬಿಗಳು, ಬೀಗವಿಲ್ಲದ ಕೀಲಿಗಳು, ಯಾವ ಮೊಬೈಲಿಗೂ ಹೊಂದದ ಚಾರ್ಜರುಗಳು, ವಧೂವರರ ಹೆಸರು ಅಚ್ಚಾದ ತಾಂಬೂಲದ ಚೀಲಗಳು. ಆ ಚೀಲಗಳೊಳಗಿನ ಬ್ಲೌಸ್ ಪೀಸುಗಳದ್ದೇ ಒಂದು ಪುರಾಣ. ಅವನ್ನು ಯಾರೂ ಹೊಲಿಸುವುದಿಲ್ಲ, ಒಬ್ಬರು ಇನ್ನೊಬ್ಬರಿಗೆ ಕೊಡುತ್ತಾರೆ. ಹಿಂದೊಂದು ಗೌರಿ ಹಬ್ಬದಲ್ಲಿ ನಾನೇ ಬೀದಿಯ ಒಬ್ಬರಿಗೆ ಅರಿಶಿನ ಕುಂಕುಮದ ಜೊತೆ ಕೊಟ್ಟ, ಮೂಲೆಯಲ್ಲಿ ನೀಲಿ ಶಾಯಿಯ ಚುಕ್ಕಿಯಿದ್ದ ಪಾಚಿ ಬಣ್ಣದ ತುಂಡೊಂದು ಊರೆಲ್ಲ ಸುತ್ತಿ ನಮ್ಮ ಬೀರುವಿಗೇ ವಾಪಸು ಬಂದು ಕುಳಿತಿತ್ತು. ಅತ್ತೆಗೆ ತೋರಿಸಿದೆ. "ಇನ್ನೊಂದು ಸುತ್ತು ಬರಲಿ ಬಿಡು" ಎಂದರು. ನಾನು ಒಪ್ಪಲಿಲ್ಲ. ಪೀಸುಗಳನ್ನೆಲ್ಲ ಒಟ್ಟು ಮಾಡಿ ನಮ್ಮ ಬೀದಿಯ ಕೊನೆಯಲ್ಲಿ ಹೊಲಿಗೆ ಕಲಿಸುವವರಿಗೆ ಕೊಟ್ಟೆ. ಕಲಿಯುವ ಹುಡುಗಿಯರಿಗೆ ಕತ್ತರಿಸಲು ಬಟ್ಟೆ ಬೇಕಿತ್ತಂತೆ. ಅಷ್ಟೊಂದು ಸುಲಭವಾಗಿ ಬೇರೇನೂ ಮನೆಯಿಂದ ಹೊರಡಲಿಲ್ಲ.

ಪಾತ್ರೆಗಳ ವಿಷಯದಲ್ಲಿ ಯಾರದು ಎಂದು ಕೇಳುವ ಅಗತ್ಯವೇ ಬರಲಿಲ್ಲ. ಹಿಂದಿನವರು ಪಾತ್ರೆ ಕೊಂಡ ತಕ್ಷಣ ಹೆಸರು ಕೊರೆಸುತ್ತಿದ್ದರು. ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಹೆಸರು, ಕೆಲವಕ್ಕೆ ತಾರೀಖು, ಉಡುಗೊರೆಯಾದರೆ ಕೊಟ್ಟವರ ಹೆಸರೂ. ಸಜ್ಜದಿಂದ ಇಳಿಸಿದ ಸ್ಟೀಲ್ ಡಬ್ಬಿಗಳಲ್ಲಿ ಪಕ್ಕದ ಮನೆಯವರ ಹೆಸರಿದ್ದ ಒಂದು ಸಿಕ್ಕಿತು. ಯಾವಾಗಲೋ ಚಕ್ಕುಲಿ ತುಂಬಿ ಕಳಿಸಿದ್ದಿರಬೇಕು. ತೊಳೆದು, ಖಾಲಿ ಡಬ್ಬಿ ಕೊಡಬಾರದೆಂದು ಹಿಡಿ ಸಕ್ಕರೆ ಹಾಕಿ ಹಿಂದಿರುಗಿಸಿದೆವು. ಸಂಜೆಗೆ ಅವರ ಮನೆಯಿಂದ ನಮ್ಮ ಹೆಸರಿನ ಬೋಗುಣಿ ಬಂತು, ಅದರ ತುಂಬ ಹೆಸರುಬೇಳೆ ಕೋಸಂಬರಿ. ಲೆಕ್ಕ ಸರಿಹೋಯಿತು, ಮನೆಯ ಸಾಮಾನು ಮಾತ್ರ ಒಂದೂ ಕಡಿಮೆಯಾಗಲಿಲ್ಲ.

ಹಿತ್ತಾಳೆ, ತಾಮ್ರದ್ದೆಲ್ಲ ಅತ್ತೆಯದು. ಅವನ್ನು ಬೆಳಗುವುದಕ್ಕೆ ಕಳೆದ ವರ್ಷದ, ಕಪ್ಪಗೆ ತಿರುಗಿದ ಹುಣಸೆಹಣ್ಣೇ ಆಗಬೇಕು. ಅದು ಖರ್ಚಾಗದೆ ಹೊಸದು ಜಾಡಿಗೆ ಇಳಿಯುವಂತಿಲ್ಲ. ನೀರಲ್ಲಿ ನೆನೆಸಿ, ಸ್ವಲ್ಪ ಕಲ್ಲುಪ್ಪು ಸೇರಿಸಿ ಉಜ್ಜಿದರೆ ಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲ ಲೋಹದ ಮೇಲಿನ ಕಪ್ಪನ್ನು ಕರಗಿಸುತ್ತದೆ. ತಾಮ್ರದ ಬಿಂದಿಗೆಯ ಮೇಲೆ ಕೈ ಓಡಿದ ಕಡೆಯೆಲ್ಲ ಗುಲಾಬಿ ಬಣ್ಣದ ಪಟ್ಟೆ ಮೂಡುವುದನ್ನು ನೋಡುತ್ತ ಮಗಳು ಪರೀಕ್ಷೆಯ ದಣಿವನ್ನೂ ಮರೆತು ಹಿತ್ತಿಲಲ್ಲಿ ಕುಳಿತುಬಿಟ್ಟಳು. ಬೆಳಗಿದ ಮೇಲೆ ಚೆನ್ನಾಗಿ ತೊಳೆದು ಕೂಡಲೇ ಒರೆಸಬೇಕು; ಹುಳಿಯ ಪಸೆ ಉಳಿದರೆ ಬೆಳಗಾಗುವುದರೊಳಗೆ ಕಲೆ ಬೀಳುತ್ತದೆ.

ಒಳಗಿನ ಕಲಾಯಿ ಸವೆದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಮಾಡಿದರೆ ಕಿಲುಬು ಬಿಡುತ್ತದೆ, ತಿನ್ನುವುದು ಅಪಾಯ. ಹಾಗಾಗಿ ಸವೆದವನ್ನೆಲ್ಲ ಬೇರೆ ಇಟ್ಟೆವು. ಮೊದಲು "ಕಲಾಯೀ" ಎಂದು ಕೂಗುತ್ತ ಬೀದಿಗೇ ಬರುತ್ತಿದ್ದರು, ಈಗ ಹುಡುಕಿಕೊಂಡು ಹೋಗಬೇಕು. ನಮಗೆ ಸಿಕ್ಕಿದ ಹಿರಿಯರು ಕೆಂಡದ ಮೇಲೆ ಪಾತ್ರೆಯನ್ನು ಮಗುಚಿ ಮಗುಚಿ ಕಾಯಿಸಿದರು. ಒಳಗೆ ನವಸಾಗರದ ಪುಡಿ ಎರಚಿದ್ದೇ ತಡ, ಮೂಗಿಗೆ ಬಡಿಯುವ ಬಿಳಿ ಹೊಗೆ. ತವರದ ಕಡ್ಡಿಯನ್ನು ಬಿಸಿ ತಳಕ್ಕೆ ಮುಟ್ಟಿಸಿದರು. ಕರಗಿದ ಹನಿಯನ್ನು ಹತ್ತಿಯ ಉಂಡೆಯಿಂದ ಸರ್‍ರನೆ ಸುತ್ತಲೂ ಸವರಿದರು. ಕಣ್ಣು ಮಿಟುಕಿಸುವುದರಲ್ಲಿ ಹಳದಿ ಹೋಗಿ ಒಳಗೆಲ್ಲ ಬೆಳ್ಳಿಯ ಬಿಳುಪು. ಆಮೇಲೆ ತಣ್ಣೀರಿಗೆ ಅದ್ದಿ ಕೈಗಿತ್ತರು. ಯಾವುದಕ್ಕೆ ಕಲಾಯಿ ಹಾಕಿಸಬೇಕು, ಯಾವುದನ್ನು ಗುಜರಿಗೆ ಕೊಡಬೇಕು ಎಂಬುದನ್ನು ಅತ್ತೆಯೇ ತೀರ್ಮಾನಿಸಿದರು. ನಾವು ವಾದಕ್ಕೆ ಬೀಳುತ್ತೇವೆಂದು ಸಿದ್ಧವಾಗಿದ್ದರೆ ಅವರು ನೀರು ಕಾಯಿಸುವ ದೊಡ್ಡ ಹಂಡೆಯನ್ನೇ ಮೊದಲು ತೋರಿಸಿ "ಇದು ಹೋಗಲಿ" ಎಂದುಬಿಟ್ಟರು. "ಮೂವತ್ತು ವರ್ಷ ಇದನ್ನು ಉಜ್ಜಿದವಳು ನಾನು ಕಣಮ್ಮ. ಇದರ ಮೇಲೆ ನನಗೇನು ಪ್ರೀತಿ?" ಹಳೆಯ ವಸ್ತುಗಳ ಮೇಲೆ ಹಿರಿಯರಿಗೆಲ್ಲ ವ್ಯಾಮೋಹವೆಂದು ನಾವೇ ಕಲ್ಪಿಸಿಕೊಂಡಿರುತ್ತೇವೆ. ಆ ಹಂಡೆ ಬೇಕೆಂದು ಹಠ ಹಿಡಿದವರು ಮಗ, ಅಂದರೆ ನಮ್ಮ ಯಜಮಾನರು. ಅವರು ಅದನ್ನು ಒಂದು ದಿನವೂ ತೊಳೆದವರಲ್ಲ. ಗೇಟಿನ ಪಕ್ಕ ಇಟ್ಟು ಗಿಡ ಹಾಕೋಣವೆಂದರು. ಹಂಡೆ ಹೋಯಿತು.

ಅತ್ತೆಯ ಬೀರುವಿಗೆ ಮಾತ್ರ ಅವರೇ ಕೈ ಹಾಕಬೇಕು. ಮೈಸೂರು ರೇಷ್ಮೆ ಸೀರೆಗಳನ್ನು ಒಂದೊಂದಾಗಿ ಬಿಡಿಸಿ, ನೆರಳಿನಲ್ಲಿ ಗಾಳಿಗೆ ಹರಡಿ, ಮಡಿಕೆಯ ಗೆರೆ ಬದಲಿಸಿ ಮತ್ತೆ ಮಡಿಸುವುದು. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಜರಿ ಅಲ್ಲಿಯೇ ಮುರಿಯುತ್ತದೆ. 1912ರಲ್ಲಿ ಅರಸರ ಕಾಲದಲ್ಲಿ ಶುರುವಾದ ಇಲ್ಲಿಯ ರೇಷ್ಮೆ ಕಾರ್ಖಾನೆಯ ಸೀರೆಯೆಂದರೆ ಊರಿನವರಿಗೆ ಅಭಿಮಾನ ಹೆಚ್ಚು, ಆದರೂ ಸೆರಗು ಪಿಸಿದ ಎರಡು ಸೀರೆಗಳು ಹೊರಬಂದವು. ಹಳೆ ಜರಿ ಕೊಳ್ಳುವವರು ಬೀದಿಯಲ್ಲಿ ಕೂಗಿಕೊಂಡು ಬರುತ್ತಾರಲ್ಲ, ಅವರಿಗೆ ಕೊಡಲು ಅತ್ತೆಗೆ ಮನಸ್ಸಾಗಲಿಲ್ಲ. ಒಂದನ್ನು ಕತ್ತರಿಸಿ ಮೊಮ್ಮಗಳಿಗೆ ಲಂಗ, ಇನ್ನೊಂದರ ಅಂಚು ದೇವರ ಮನೆಯ ತೋರಣಕ್ಕೆ ಎಂದು ನಿರ್ಧಾರವಾಯಿತು.

ಇನ್ನು ಮಾವನ ರಾಶಿ. ಅವರು ತೀರಿಕೊಂಡದ್ದು 2011ರಲ್ಲಿ. ಅವರ ಕಬ್ಬಿಣದ ಟ್ರಂಕನ್ನು ಅಲ್ಲಿಂದೀಚೆಗೆ ತೆರೆದದ್ದುಂಟು, ಪೂರ್ತಿ ನೋಡಿದ್ದಿಲ್ಲ. ಮೇಲೆಯೇ ಇದ್ದದ್ದು ಮರದ ಬಿಲ್ಲೆಗೆ ನೆಟ್ಟ ತಂತಿ, ಅದಕ್ಕೆ ಚುಚ್ಚಿದ ಬಿಲ್ಲುಗಳ ಗೋಪುರ. ತುದಿಯಿಂದ ಬಿಡಿಸುತ್ತ ಬಂದರೆ ಬಾವಿ ತೋಡುವಾಗಿನ ಮಣ್ಣಿನ ಪದರಗಳಂತೆ ಒಂದೊಂದು ಕಾಲ. ಮೇಲೆ ಚೆಸ್ಕಾಂನ ವಿದ್ಯುತ್ ಬಿಲ್ಲುಗಳು, ಅದರ ಕೆಳಗೆ ಕೆಪಿಟಿಸಿಎಲ್, 1999ಕ್ಕಿಂತ ಹಿಂದಿನವೆಲ್ಲ ಕೆಇಬಿಯವು, ಕಾರ್ಬನ್ ಕಾಗದದ ನೀಲಿ ಅಕ್ಷರ ಅಳಿಸಿಹೋಗಿ ಬರೀ ನೆರಳು ಉಳಿದವು. ನಡುನಡುವೆ ಫೋನಿನ ಬಿಲ್ಲು, ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಪಡೆಯುತ್ತಿದ್ದ ರೇಡಿಯೋ ಲೈಸೆನ್ಸಿನ ಪುಸ್ತಕ. ಅದೊಂದನ್ನು ಮಗಳು ಎತ್ತಿಟ್ಟುಕೊಂಡಳು. ರೇಡಿಯೋ ಕೇಳುವುದಕ್ಕೂ ಪರವಾನಗಿ ಬೇಕಿತ್ತೆಂಬುದನ್ನು ಅವಳು ನಂಬಲೇ ಇಲ್ಲ.

ಕಾಗದ ವಿಂಗಡಿಸುವುದು ನನ್ನ ಕಸುಬು, ಆದ್ದರಿಂದ ಇಲ್ಲಿ ಯಾರ ಮಾತನ್ನೂ ಕೇಳಲಿಲ್ಲ. ಮನೆಯ ಮೂಲ ಕ್ರಯಪತ್ರ ಒಂದು ಕಡೆ. ಅದರ ಛಾಪಾ ಕಾಗದದ ಮೇಲೆ ಇನ್ನೂ ಮೈಸೂರು ಸರ್ಕಾರವೆಂದೇ ಇದೆ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು ಮರುವರ್ಷ, 1973ರ ನವೆಂಬರಿನಲ್ಲಿ. ಅದರ ಜೊತೆಗೆ ಖಾತೆಯ ಕಾಗದ, ಇಸಿ ಎನ್ನುವ ಋಣಭಾರ ಪತ್ರ, ಮಂಜೂರಾದ ನಕ್ಷೆ, ಮೊದಲ ವರ್ಷದಿಂದ ಇವತ್ತಿನವರೆಗಿನ ಕಂದಾಯ ರಸೀದಿಗಳು. ಕಂದಾಯ ರಸೀದಿಯನ್ನು ಹಳತೆಂದು ಎಸೆಯಬೇಡಿ. ಮಾರುವಾಗಲೋ ಹೆಸರು ಬದಲಿಸುವಾಗಲೋ ಅದನ್ನೇ ಕೇಳುತ್ತಾರೆ. ಮಾವನ ಪಿಂಚಣಿ ಆದೇಶ ಅತ್ತೆಯ ಕುಟುಂಬ ಪಿಂಚಣಿಗೆ ಆಧಾರ, ಅದೂ ಇರಬೇಕು. ಆದಾಯ ತೆರಿಗೆಯ ಕಾಗದಗಳನ್ನು ಆರೇಳು ವರ್ಷವಾದರೂ ಇಟ್ಟುಕೊಳ್ಳಿ ಎಂದು ನಮ್ಮ ಕಚೇರಿಯಲ್ಲಿ ಬಂದವರಿಗೆಲ್ಲ ಹೇಳುತ್ತೇವೆ. ವಿದ್ಯುತ್ತು, ಫೋನು, ಅವಧಿ ಮುಗಿದು ಹಣ ಬಂದಾಗಿರುವ ವಿಮೆಯ ಕಂತಿನ ರಸೀದಿ, ಕಂಪನಿಯೇ ಇಲ್ಲವಾದ ಫ್ಯಾನಿನ ಗ್ಯಾರಂಟಿ ಕಾರ್ಡು ಇವೆಲ್ಲ ಗುಜರಿಗೆ. ಆದರೆ ಖಾತೆ ಸಂಖ್ಯೆ, ಸಹಿ ಇರುವ ಕಾಗದವನ್ನು ಇಡಿಯಾಗಿ ತಕ್ಕಡಿಗೆ ಹಾಕಬಾರದು. ಅತ್ತೆ, ಮಗಳು ಇಬ್ಬರೂ ಎದುರುಬದುರು ಕುಳಿತು ಅವನ್ನು ಹರಿದು ಚೂರು ಮಾಡಿದರು. ಅಜ್ಜಿ ಮೊಮ್ಮಗಳು ಅಷ್ಟು ಹೊತ್ತು ಜಗಳವಾಡದೆ ಒಟ್ಟಿಗೆ ಕುಳಿತದ್ದು ಅಪರೂಪ.

ಟ್ರಂಕಿನ ತಳದಲ್ಲಿ ಪಾಸ್‌ಬುಕ್ಕುಗಳು. ಎಲ್ಲವೂ ಈಗ ಇಲ್ಲದ ಬ್ಯಾಂಕುಗಳವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮೊದಲನೆಯ ಖಾತೆ ಮುಚ್ಚಿದೆಯೆಂದು ಮೊಹರು ಬಿದ್ದಿತ್ತು. ವಿಜಯಾ ಬ್ಯಾಂಕಿನ ಪುಸ್ತಕಕ್ಕೆ ಮೊಹರಿರಲಿಲ್ಲ. ಕೊನೆಯ ನಮೂದು 2009ರದ್ದು. ಹತ್ತು ವರ್ಷ ಯಾವ ವ್ಯವಹಾರವೂ ನಡೆಯದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಹೋಯಿತೆಂದರೆ ಮುಳುಗಿತೆಂದಲ್ಲ, ವಾರಸುದಾರರು ಯಾವಾಗ ಬೇಕಾದರೂ ಬ್ಯಾಂಕಿನ ಮೂಲಕ ಕೇಳಬಹುದು. ಇಂಥ ಹಣವನ್ನು ಹುಡುಕುವುದಕ್ಕೆಂದೇ ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ಉದ್ಗಮ್ ಎಂಬ ಜಾಲತಾಣ ತೆರೆದಿದೆ. ಮೊಬೈಲ್ ಸಂಖ್ಯೆ ಕೊಟ್ಟು ನೋಂದಾಯಿಸಿಕೊಂಡು, ಖಾತೆದಾರರ ಹೆಸರು, ಬ್ಯಾಂಕು, ಪ್ಯಾನ್ ಅಥವಾ ಜನ್ಮ ದಿನಾಂಕದಂಥ ಒಂದು ಗುರುತು ಹಾಕಬೇಕು. ನಮ್ಮ ಕಡೆಯ ಇನಿಷಿಯಲ್ಲುಗಳ ಅವಾಂತರ ಅಲ್ಲಿ ಗೊತ್ತಾಗುತ್ತದೆ. ಊರಿನ ಹೆಸರಿನ ಅಕ್ಷರ ಮೊದಲೋ, ತಂದೆಯದೋ, ಚುಕ್ಕಿಯುಂಟೋ ಇಲ್ಲವೋ ಎಂದು ತಿರುಗಿಸಿ ಮುರುಗಿಸಿ ಬರೆದ ಮೇಲೆ ಬ್ಯಾಂಕ್ ಆಫ್ ಬರೋಡಾದ ಪಟ್ಟಿಯಲ್ಲಿ ಮಾವನ ಹೆಸರು ಸಿಕ್ಕಿತು. ಖಾತೆಗೆ ಅತ್ತೆಯೇ ನಾಮಿನಿ. ಅದಿಲ್ಲದಿದ್ದರೆ ವಂಶವೃಕ್ಷಕ್ಕೆಂದು ನಾಡಕಚೇರಿಯ ಮೆಟ್ಟಿಲು ಹತ್ತಬೇಕಿತ್ತು. ಮರಣ ಪ್ರಮಾಣಪತ್ರ, ಅತ್ತೆಯ ಆಧಾರ್, ಪಾಸ್‌ಬುಕ್ಕು ಹಿಡಿದು ಶಾಖೆಗೆ ಹೋಗಿ ಅರ್ಜಿ ಕೊಟ್ಟೆವು. ಬಂದ ಹಣ ದೊಡ್ಡದೇನಲ್ಲ, ಮನೆಗೆ ಸುಣ್ಣ ಬಣ್ಣಕ್ಕೂ ಸಾಲದು. "ನನಗೆ ಹೇಳದೆ ಇಟ್ಟಿದ್ದರಲ್ಲ!" ಎಂದು ಅತ್ತೆ ಗೊಣಗಿದ್ದೇ ಹೆಚ್ಚು. ನಾಮಿನಿ ಎಂದು ತನ್ನ ಹೆಸರು ಬರೆಸಿದ್ದಾರೆಂಬುದನ್ನು ಮಾತ್ರ ಫೋನ್ ಮಾಡಿದವರಿಗೆಲ್ಲ ಹೇಳಿಕೊಂಡರು.

ಯಾರ ರಾಶಿಗೆ ಹಾಕಬೇಕೆಂದೇ ತಿಳಿಯದೆ ಎಲ್ಲರೂ ಕೈಕಟ್ಟಿ ನಿಂತದ್ದು ದೇವರ ಪಟಗಳ ಮುಂದೆ. ಗಾಜು ಒಡೆದವು, ಗೆದ್ದಲು ಹಿಡಿದವು, ಹಳೆಯ ಕ್ಯಾಲೆಂಡರುಗಳು, ಗಣಪತಿಯಿಲ್ಲದೆ ಅಚ್ಚಾಗದ ಮದುವೆ ಪತ್ರಿಕೆಗಳು. ಊರಿನವರೆಲ್ಲ ಮಾಡುವುದೆಂದರೆ ಕತ್ತಲಾದ ಮೇಲೆ ಅರಳಿ ಕಟ್ಟೆಗೆ ಒರಗಿಸಿ ತಿರುಗಿ ನೋಡದೆ ಬರುವುದು. ಮಳೆಗೆ ನೆನೆದು, ನಾಯಿ ಎಳೆದಾಡಿ, ಕೊನೆಗೆ ಪೌರಕಾರ್ಮಿಕರ ಕೈಗೆ ಗಾಜು ಚುಚ್ಚುತ್ತದೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲು ಬಂದ ಊರಿನವರಾದ ನಮಗೆ ಅದು ಶೋಭೆಯಲ್ಲ. ಇದಕ್ಕೂ ದಾರಿ ತೋರಿಸಿದವರು ಅತ್ತೆಯೇ. ಗಾಜು, ಚೌಕಟ್ಟು ಬಿಡಿಸಿ, ಕಾಗದವನ್ನು ಅರಿಶಿನ ಹಾಕಿದ ಬಕೆಟ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಕಿವುಚಿ, ತೆಂಗಿನ ಬುಡದಲ್ಲಿ ಗುಂಡಿ ತೋಡಿ ಸುರಿಸಿದರು. ಗಣಪತಿಯನ್ನು ನೀರಿಗೆ ಬಿಡುತ್ತೇವಲ್ಲ, ಅದೇ ಕ್ರಮ. ಪ್ಲಾಸ್ಟಿಕ್ ಲೇಪನದ ಪತ್ರಿಕೆಗಳು ಮಾತ್ರ ಎಷ್ಟು ನೆನೆಸಿದರೂ ಹಾಗೆಯೇ ತೇಲುತ್ತಿದ್ದವು. ಅವು ಒಣ ಕಸಕ್ಕೆ ಹೋದವು.

ಕಸದ ಗಾಡಿಗೆ ಹಾಕಬಾರದ್ದೂ ಒಂದು ಬುಟ್ಟಿಯಷ್ಟಿತ್ತು. ಡಬ್ಬದಂಥ ಹಳೆಯ ಟಿವಿಯ ಗಾಜಿನಲ್ಲಿ ಸೀಸ, ಸಿಎಫ್‌ಎಲ್ ಬಲ್ಬು ಮತ್ತು ಜ್ವರ ನೋಡುವ ಗಾಜಿನ ಕಡ್ಡಿಯಲ್ಲಿ ಪಾದರಸ. ಗುಜರಿಯವನು ಟಿವಿ, ವೈರುಗಳನ್ನು ಸಂತೋಷದಿಂದಲೇ ಕೊಳ್ಳುತ್ತಿದ್ದ. ಆದರೆ ತಾಮ್ರಕ್ಕಾಗಿ ವೈರಿನ ಸುರುಳಿಗೆ ಬೆಂಕಿ ಹಾಕುವುದನ್ನು ನಾನೇ ನೋಡಿದ್ದೇನೆ, ಕೊಡಲು ಮನಸ್ಸು ಬರಲಿಲ್ಲ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಂತೆ ಮರುಬಳಕೆಯ ಹೊಣೆ ತಯಾರಕರದ್ದು. ಹೊಸ ಮಿಕ್ಸಿ ಕೊಂಡ ಅಂಗಡಿಯವರು ಹಳೆಯದನ್ನು ಪಡೆದರು, ಉಳಿದವನ್ನು ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಿದೆವು. ಯುಪಿಎಸ್‌ನ ಸತ್ತ ಬ್ಯಾಟರಿಗೆ ಮಾತ್ರ ಬೆಲೆಯಿದೆ. ಹೊಸದರ ಬೆಲೆಯಲ್ಲಿ ಕಳೆದುಕೊಡುತ್ತಾರೆ.

ದೂರ ಹೋದವರ ರಾಶಿಗೆ ವಿಡಿಯೋ ಕರೆಯೇ ಗತಿ. ಪುಣೆಯ ನಾದಿನಿ ಚುರುಕು. ಭರತನಾಟ್ಯದ ಗೆಜ್ಜೆ ತನಗೆ, ಕಾದಂಬರಿಗಳು ಬೀದಿಯ ವಾಚನಾಲಯಕ್ಕೆ, ಉಳಿದದ್ದು "ಏನಾದರೂ ಮಾಡಿ ಅತ್ತಿಗೆ". ಮಾತು ಮುಗಿಯುವುದರೊಳಗೆ ಅವಳ ಮೂಲೆ ಖಾಲಿ. ಟೆಕ್ಸಾಸಿನ ಮೈದುನನದು ಬೇರೆಯೇ ರಾಗ. ಇಂಜಿನಿಯರಿಂಗ್ ಓದುವಾಗಿನ ಮಿನಿ ಡ್ರಾಫ್ಟರ್, ಡ್ರಾಯಿಂಗ್ ಹಾಳೆಗಳ ಸುರುಳಿ, ಕ್ರಿಕೆಟ್ ಬ್ಯಾಟು, ಕ್ಯಾಸೆಟ್ಟುಗಳು. ಒಂದೊಂದನ್ನು ಎತ್ತಿ ತೋರಿಸಿದಾಗಲೂ "ಇರಲಿ ಬಿಡಿ ಅತ್ತಿಗೆ, ಬಂದಾಗ ನೋಡಿಕೊಳ್ಳುತ್ತೇನೆ". ಹೋದ ಸಲ ಬಂದಾಗಲೂ ಅದೇ ಹೇಳಿದ್ದ. ನಡುವೆ ಅತ್ತೆ ಬಂದು "ಪಾಪ, ಮಗುವಿನ ಸಾಮಾನು, ಇರಲಿ" ಎಂದರು. ಆ ಮಗುವಿಗೆ ಈಗ ನಲವತ್ತೈದು. ತಮ್ಮ ಹಂಡೆಯನ್ನು ಬಿಟ್ಟುಕೊಡಲು ಕ್ಷಣವೂ ಯೋಚಿಸದವರು ಕಿರಿಯ ಮಗನ ಕ್ಯಾಸೆಟ್ಟಿನ ವಿಷಯಕ್ಕೆ ಬಂದರೆ ಕರಗಿಬಿಡುತ್ತಾರೆ.

ಮಗಳ ನೋಟ್ಸುಗಳನ್ನು ಆ ವರ್ಷ ಮುಟ್ಟುವಂತಿರಲಿಲ್ಲ. ಏಪ್ರಿಲ್ ನಡುವಿಗೆ ಸಿಇಟಿ. 2025ರಲ್ಲಿ ಪಿಯುಗೂ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದು ಮೂರು ಅವಕಾಶಗಳಿದ್ದುದರಿಂದ ಪುಸ್ತಕ ಯಾವಾಗ ಹಳತಾಗುತ್ತದೆಂದು ಇಲಾಖೆಯೇ ಹೇಳಬೇಕಿತ್ತು. ಹಳೆಯ ಬಟ್ಟೆಗಳನ್ನು ಅತ್ತೆ ನಾನಿಲ್ಲದ ಹೊತ್ತಿನಲ್ಲಿ ಪಾತ್ರೆಯವಳಿಗೆ ಕೊಟ್ಟು ದೊಡ್ಡದೊಂದು ಸ್ಟೀಲ್ ಬೇಸಿನ್ ತೆಗೆದುಕೊಂಡಿದ್ದರು. ಹತ್ತು ಸೀರೆ ಹೋಗಿ ಒಂದು ಬೇಸಿನ್ ಬಂದದ್ದು ಲಾಭವೇ ಎಂದು ಸುಮ್ಮನಾದೆ.

ಬುಧವಾರ ಸಿರಾದಿಂದ ಮೂಟೆ ಬಂತು. ಬೀಜ, ನಾರು ತೆಗೆದು, ಮಹಡಿಯ ಮೇಲೆ ಒಣಗಿಸಿ, ಕಲ್ಲುಪ್ಪು ಬೆರೆಸಿ ಜಾಡಿಗಳಿಗೆ ಒತ್ತಿ ತುಂಬಿದೆವು. ಹೊಸ ಬೇಸಿನ್ ಅದಕ್ಕೇ ಉಪಯೋಗಕ್ಕೆ ಬಂತು. ಉಗ್ರಾಣದ ಕೆಳಗಿನ ಎರಡು ಸಾಲು ಜಾಡಿಗಳಿಗೆ, ಮೇಲಿನದು ಮೆಣಸಿನಕಾಯಿ ಮತ್ತು ಬೇಳೆಗಳಿಗೆ. ಸಜ್ಜದ ಒಂದು ಬದಿಯಲ್ಲಿ ದಸರಾ ಗೊಂಬೆಗಳ ಪೆಟ್ಟಿಗೆಗಳಿವೆ, ನವರಾತ್ರಿಯವರೆಗೆ ಅವುಗಳ ಗೋಜಿಗೆ ಹೋಗುವುದಿಲ್ಲ. ಇನ್ನೊಂದು ಬದಿ ಖಾಲಿ. ಮೈದುನನ ಟ್ರಂಕನ್ನು ಮತ್ತೆ ಅಲ್ಲಿಗೆ ಏರಿಸಲು ನಾನು ಬಿಡಲಿಲ್ಲ. ಡಿಸೆಂಬರಿನಲ್ಲಿ ಬರುತ್ತಾನಂತೆ. ಅವನು ಮಲಗುವ ಕೋಣೆಯಲ್ಲಿ, ಅವನ ಮಂಚದ ಮೇಲೆಯೇ ಅದನ್ನು ಇಟ್ಟಿದ್ದೇವೆ.